ಒಂದೇ ಕಡತ, ಎರಡು ಉತ್ತರ: ಕುಟುಂಬ ವೈದ್ಯರ ದಾಖಲೆಗಳಿಂದ ಔಷಧದ ಅಪಾಯ ಅಳೆಯುವುದು ಹೇಗೆ?

2010ರ ಆಗಸ್ಟ್‌ನಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ‘ಜಾಮಾ’ದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಮೂಳೆ ಸವೆತಕ್ಕೆ ಕೊಡುವ ಬಿಸ್ಫಾಸ್ಫೋನೇಟ್ ಮಾತ್ರೆಗಳಿಗೂ ಅನ್ನನಾಳದ ಕ್ಯಾನ್ಸರಿಗೂ ನಂಟು ಕಾಣಲಿಲ್ಲ ಎಂದು ಅದು ಹೇಳಿತು. ಮರು ತಿಂಗಳೇ ಬ್ರಿಟನ್ನಿನ ‘ಬಿಎಂಜೆ’ಯಲ್ಲಿ ಇನ್ನೊಂದು ಅಧ್ಯಯನ ಬಂತು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಸಲ ಈ ಮಾತ್ರೆ ಬರೆಸಿಕೊಂಡವರಲ್ಲಿ ಅದೇ ಕ್ಯಾನ್ಸರ್ ಹೆಚ್ಚುಕಡಿಮೆ ದುಪ್ಪಟ್ಟು ಎಂಬುದು ಅದರ ಫಲಿತಾಂಶ. ವಿಚಿತ್ರವೆಂದರೆ ಎರಡೂ ತಂಡಗಳು ಜಾಲಾಡಿದ್ದು ಒಂದೇ ಭಂಡಾರವನ್ನು: ಬ್ರಿಟನ್ನಿನ ಕುಟುಂಬ ವೈದ್ಯರ ಕಂಪ್ಯೂಟರ್ ದಾಖಲೆಗಳನ್ನು.

‘ಲಕ್ಷಾಂತರ ರೋಗಿಗಳ ದಾಖಲೆ ಪರಿಶೀಲನೆಯಿಂದ ಬಯಲು’ ಎಂಬ ಸುದ್ದಿಯನ್ನು ಓದಿ, ತಾನು ದಿನಾ ನುಂಗುವ ಮಾತ್ರೆಯ ಡಬ್ಬಿಯನ್ನು ಅನುಮಾನದಿಂದ ನೋಡುವವರಿಗೆ ಈ ಪ್ರಕರಣ ಒಳ್ಳೆಯ ಪಾಠ. ಅದು ಅರ್ಥವಾಗಬೇಕಾದರೆ ಈ ದಾಖಲೆಗಳಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂಬಲ್ಲಿಂದ ಶುರುಮಾಡಬೇಕು.

ಮಾರುಕಟ್ಟೆಗೆ ಬರುವ ಮುನ್ನವೇ ಪರೀಕ್ಷಿಸಿರುವುದಿಲ್ಲವೇ?

ಪರೀಕ್ಷಿಸಿರುತ್ತಾರೆ. ಆದರೆ ಕ್ಲಿನಿಕಲ್ ಟ್ರಯಲ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಕೆಲವು ಸಾವಿರ ಜನ, ಕೆಲವು ತಿಂಗಳು ಅಥವಾ ಒಂದೆರಡು ವರ್ಷ. ಸಂಖ್ಯಾಶಾಸ್ತ್ರದಲ್ಲಿ ‘ಮೂರರ ನಿಯಮ’ ಎಂಬ ಸರಳ ಲೆಕ್ಕವಿದೆ. 3,000 ಜನರಿಗೆ ಔಷಧ ಕೊಟ್ಟು, ಒಬ್ಬರಲ್ಲೂ ಒಂದು ನಿರ್ದಿಷ್ಟ ತೊಂದರೆ ಕಾಣಲಿಲ್ಲ ಅನ್ನಿ. ಆಗಲೂ ‘ಆ ತೊಂದರೆ ಇಲ್ಲವೇ ಇಲ್ಲ’ ಎನ್ನುವಂತಿಲ್ಲ. ಶೇ 95ರ ಭರವಸೆಯಿಂದ ಹೇಳಬಹುದಾದದ್ದು ಇಷ್ಟೇ: ಅದರ ಪ್ರಮಾಣ 3,000ಕ್ಕೆ 3, ಅಂದರೆ ಸಾವಿರಕ್ಕೆ ಒಂದಕ್ಕಿಂತ ಹೆಚ್ಚಿರಲಾರದು. ಸಾವಿರಕ್ಕೊಬ್ಬರಂತೆ ಹತ್ತು ಲಕ್ಷ ಜನ ಬಳಸಿದರೆ ಸಾವಿರ ಮಂದಿ ತೊಂದರೆಗೆ ಸಿಕ್ಕಿದಂತಾಯಿತು. ಜೊತೆಗೆ, ತೀರಾ ವಯಸ್ಸಾದವರು, ಗರ್ಭಿಣಿಯರು, ಮೂತ್ರಪಿಂಡ ಕೆಟ್ಟವರು, ಒಟ್ಟಿಗೆ ಎಂಟು ಹತ್ತು ಮಾತ್ರೆ ನುಂಗುವವರು ಟ್ರಯಲ್‌ಗಳಲ್ಲಿ ಸಿಗುವುದು ಅಪರೂಪ. ಮಾರುಕಟ್ಟೆಗೆ ಬಂದ ಮೇಲೆ ಔಷಧವನ್ನು ಇವರೂ ಬಳಸುತ್ತಾರೆ.

ಗರ್ಭಿಣಿಯರು ನುಂಗಿದ ಮಾತ್ರೆಯಿಂದ ಸಾವಿರಾರು ಶಿಶುಗಳು ಅಂಗವೈಕಲ್ಯದೊಂದಿಗೆ ಹುಟ್ಟಿದ ಥಾಲಿಡೊಮೈಡ್ ದುರಂತದ ನಂತರ ಬ್ರಿಟನ್ 1964ರಲ್ಲಿ ‘ಯೆಲ್ಲೋ ಕಾರ್ಡ್’ ಪದ್ಧತಿ ತಂದಿತು. ಅಡ್ಡಪರಿಣಾಮದ ಅನುಮಾನ ಬಂದರೆ ವೈದ್ಯರು ವರದಿ ಮಾಡಬೇಕು. ಇಂದು ಇದೇ ಕೆಲಸವನ್ನು ರೋಗಿಗಳೂ ಮಾಡಬಹುದು. ಎಚ್ಚರಿಕೆಯ ಗಂಟೆಯಾಗಿ ಇದು ಬಹಳ ಉಪಯುಕ್ತ. ಆದರೆ ನಲವತ್ತು ವರದಿ ಬಂದರೆ ಅದು ನಲವತ್ತು ಸಾವಿರ ಬಳಕೆದಾರರಲ್ಲಿ ನಲವತ್ತೋ, ನಲವತ್ತು ಲಕ್ಷದಲ್ಲಿ ನಲವತ್ತೋ, ಔಷಧ ತೆಗೆದುಕೊಳ್ಳದವರಲ್ಲೂ ಅಷ್ಟೇ ಆಗುತ್ತಿತ್ತೋ ಗೊತ್ತಾಗುವುದಿಲ್ಲ. ಭಿನ್ನರಾಶಿಯ ಮೇಲಿನ ಸಂಖ್ಯೆ ಇದೆ, ಕೆಳಗಿನದ್ದು ಇಲ್ಲ. ಆ ಕೆಳಗಿನ ಸಂಖ್ಯೆ ಸಿಗುವುದು ಕುಟುಂಬ ವೈದ್ಯರ ದಾಖಲೆಗಳಲ್ಲಿ.

ಬ್ರಿಟನ್ನಿನ ದಾಖಲೆಗಳೇ ಏಕೆ?

ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ (ಎನ್‌ಎಚ್‌ಎಸ್) ಹೆಚ್ಚೂಕಡಿಮೆ ಎಲ್ಲರೂ ಒಬ್ಬ ಜಿಪಿಯ, ಅಂದರೆ ಕುಟುಂಬ ವೈದ್ಯರ, ಕ್ಲಿನಿಕ್ಕಿನಲ್ಲಿ ನೋಂದಾಯಿಸಿಕೊಂಡಿರುತ್ತಾರೆ. ತಜ್ಞರ ಬಳಿ ಹೋಗಬೇಕಾದರೂ ಸಾಮಾನ್ಯವಾಗಿ ಜಿಪಿಯೇ ಕಳಿಸಬೇಕು. ಆಸ್ಪತ್ರೆಯಿಂದ ಬಿಡುಗಡೆಯಾದರೆ ಪತ್ರ ಜಿಪಿಗೆ ಬರುತ್ತದೆ. ದೀರ್ಘಕಾಲದ ಮಾತ್ರೆಗಳನ್ನು ಬರೆಯುವವರೂ ಅವರೇ. ಊರು ಬದಲಿಸಿದರೆ ಕಡತವೂ ಹೊಸ ಜಿಪಿಗೆ ಹೋಗುತ್ತದೆ. ಹೀಗಾಗಿ ಒಬ್ಬ ವ್ಯಕ್ತಿಯ ಹಲವು ದಶಕಗಳ ಕಾಯಿಲೆ, ಔಷಧ, ರಕ್ತ ಪರೀಕ್ಷೆ ಎಲ್ಲವೂ ಒಂದೇ ಎಳೆಯಲ್ಲಿ ಸಿಗುತ್ತವೆ.

ಜಿಪಿಗಳಿಗೆ ಕಂಪ್ಯೂಟರ್ ವ್ಯವಸ್ಥೆ ಒದಗಿಸುತ್ತಿದ್ದ ವ್ಯಾಂಪ್ ಎಂಬ ಕಂಪನಿ 1987ರಲ್ಲಿ ಇಂಥ ದಾಖಲೆಗಳನ್ನು ಸಂಶೋಧನೆಗಾಗಿ ಒಟ್ಟುಗೂಡಿಸತೊಡಗಿತು. ಮುಂದೆ ಅದು ಸರ್ಕಾರದ ಕೈಗೆ ಬಂದು ‘ಜನರಲ್ ಪ್ರಾಕ್ಟೀಸ್ ರಿಸರ್ಚ್ ಡೇಟಾಬೇಸ್’ ಆಯಿತು. 2012ರಲ್ಲಿ ‘ಕ್ಲಿನಿಕಲ್ ಪ್ರಾಕ್ಟೀಸ್ ರಿಸರ್ಚ್ ಡೇಟಾಲಿಂಕ್’, ಚುಟುಕಾಗಿ ಸಿಪಿಆರ್‌ಡಿ, ಎಂಬ ಹೆಸರು ಪಡೆಯಿತು. ಔಷಧ ನಿಯಂತ್ರಣ ಸಂಸ್ಥೆಯಾದ ಎಂಎಚ್‌ಆರ್‌ಎ ಅದನ್ನು ನಡೆಸುತ್ತದೆ. ತೀರಿಕೊಂಡವರು, ಕ್ಲಿನಿಕ್ ಬಿಟ್ಟುಹೋದವರನ್ನೂ ಸೇರಿಸಿದರೆ ಅದರಲ್ಲಿ 6 ಕೋಟಿಗೂ ಹೆಚ್ಚು ಜನರ ದಾಖಲೆಗಳಿವೆ. ಕ್ಯುರಿಸರ್ಚ್, ಥಿನ್ ಎಂಬ ಬೇರೆ ಭಂಡಾರಗಳೂ ಇವೆ.

ಕಡತದ ಒಳಗೆ ಒಂದು ನೋಟ

ಸಂಶೋಧಕರ ಕೈಗೆ ಬರುವುದು ವೈದ್ಯರು ಬರೆದ ಕಥೆಯಲ್ಲ. ದಿನಾಂಕ ಮತ್ತು ಕೋಡ್‌ಗಳ (ಕಾಯಿಲೆ, ಔಷಧಗಳಿಗೆ ಕೊಟ್ಟ ಸಂಕೇತಗಳ) ಸಾಲುಗಳು. ಉದಾಹರಣೆಗೆ ಒಬ್ಬ ಕಾಲ್ಪನಿಕ ಮಹಿಳೆಯ ದಾಖಲೆಯನ್ನು ನೋಡೋಣ:

ಮಾರ್ಚ್ 3: ಮೂಳೆ ಸವೆತ.
ಮಾರ್ಚ್ 3: ಅಲೆಂಡ್ರೋನೇಟ್ 70 ಮಿ.ಗ್ರಾಂ, 4 ಮಾತ್ರೆ, ವಾರಕ್ಕೊಂದು.
ಏಪ್ರಿಲ್ 2: ಅದೇ, 4 ಮಾತ್ರೆ.
ಜೂನ್ 19: ಅದೇ, 4 ಮಾತ್ರೆ.
ಜೂನ್ 25: ಎದೆಯುರಿ.

ಅಲೆಂಡ್ರೋನೇಟ್ ಕೂಡ ಬಿಸ್ಫಾಸ್ಫೋನೇಟ್ ಕುಟುಂಬದ್ದೇ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಸುಡುತ್ತದೆ. ಹಾಗಾಗಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಲೋಟದ ತುಂಬ ನೀರಿನೊಂದಿಗೆ ನುಂಗಿ, ಕನಿಷ್ಠ ಅರ್ಧ ಗಂಟೆ ಮಲಗಬಾರದು ಎನ್ನುತ್ತಾರೆ. ಕ್ಯಾನ್ಸರಿನ ಅನುಮಾನ ಹುಟ್ಟಿದ್ದೂ ಈ ಸುಡುವ ಗುಣದಿಂದ.

ಈಗ ಪ್ರಶ್ನೆ: ಈಕೆ ಎಷ್ಟು ದಿನ ಔಷಧದ ಪ್ರಭಾವದಲ್ಲಿದ್ದರು? ನಾಲ್ಕು ಮಾತ್ರೆ, ವಾರಕ್ಕೊಂದು ಅಂದರೆ 28 ದಿನ. ಮೊದಲ ಚೀಟಿ ಮಾರ್ಚ್ 30ಕ್ಕೆ ಮುಗಿಯಿತು. ಎರಡು ದಿನ ಖಾಲಿ. ಎರಡನೆಯದು ಏಪ್ರಿಲ್ 29ಕ್ಕೆ ಮುಗಿಯಿತು. ಆಮೇಲೆ ಜೂನ್ 18ರವರೆಗೆ 50 ದಿನ ಏನೂ ಇಲ್ಲ. ಮಾತ್ರೆ ನಿಲ್ಲಿಸಿದ್ದರೋ, ಮರೆತು ಬಿಟ್ಟು ಬಿಟ್ಟು ನುಂಗಿದರೋ, ಆಸ್ಪತ್ರೆಯಲ್ಲಿದ್ದು ಅಲ್ಲಿಂದಲೇ ಪಡೆದರೋ, ದಾಖಲೆ ಹೇಳುವುದಿಲ್ಲ.

ಇದಕ್ಕೆ ಸಂಶೋಧಕರು ‘ವಿನಾಯಿತಿ ಅವಧಿ’ ಇಟ್ಟುಕೊಳ್ಳುತ್ತಾರೆ. 60 ದಿನದೊಳಗಿನ ಅಂತರವನ್ನು ಲೆಕ್ಕಿಸುವುದಿಲ್ಲ ಎಂದರೆ ಈಕೆ ಮಾರ್ಚ್ 3ರಿಂದ ಸತತವಾಗಿ ಔಷಧದಲ್ಲಿದ್ದರು, ಎದೆಯುರಿ ಕಂಡದ್ದು 115ನೇ ದಿನ. ವಿನಾಯಿತಿ 30 ದಿನ ಎಂದಿಟ್ಟರೆ ಈಕೆ ನಡುವೆ ಔಷಧ ಬಿಟ್ಟು ಜೂನ್ 19ರಂದು ಮತ್ತೆ ಶುರುಮಾಡಿದರು, ಎದೆಯುರಿ ಕಂಡದ್ದು ಏಳನೇ ದಿನ. ಅದೇ ಐದು ಸಾಲು, ಎರಡು ಬೇರೆ ಬೇರೆ ಕಥೆ. ಒಳ್ಳೆಯ ಅಧ್ಯಯನಗಳು ಎರಡೂ ರೀತಿಯಲ್ಲಿ ಲೆಕ್ಕ ಹಾಕಿ, ಉತ್ತರ ಬದಲಾಗುತ್ತದೆಯೇ ಎಂದು ತೋರಿಸುತ್ತವೆ.

ಇನ್ನೊಂದು ಮಾತು. ಈ ಸಾಲುಗಳು ದಾಖಲಿಸುವುದು ವೈದ್ಯರು ಚೀಟಿ ಕೊಟ್ಟದ್ದನ್ನು ಮಾತ್ರ. ಅಂಗಡಿಯಿಂದ ಮಾತ್ರೆ ತಂದರೇ, ತಂದದ್ದನ್ನು ನುಂಗಿದರೇ ಎಂಬುದು ಇಲ್ಲಿಲ್ಲ. ಚೀಟಿಯಿಲ್ಲದೆ ಸಿಗುವ ಐಬುಪ್ರೊಫೆನ್, ಆಸ್ಪಿರಿನ್ ಕೊಂಡದ್ದೂ ಇಲ್ಲ. ಕಿಮೊಥೆರಪಿಯಂಥ ಆಸ್ಪತ್ರೆಯಲ್ಲೇ ಕೊಡುವ ಔಷಧಗಳೂ ಬಹುಮಟ್ಟಿಗೆ ಇಲ್ಲ.

ಕೋಡ್ ಪಟ್ಟಿ ಎಂಬ ತಲೆನೋವು

ಹಿಂದೆ ಜಿಪಿಗಳು ಬಳಸುತ್ತಿದ್ದದ್ದು ಡಾ. ಜೇಮ್ಸ್ ರೀಡ್ ಎಂಬ ಜಿಪಿ ರೂಪಿಸಿದ ‘ರೀಡ್ ಕೋಡ್’. ಈಗ ‘ಸ್ನೋಮೆಡ್ ಸಿಟಿ’ ಬಂದಿದೆ. ಒಂದು ‘ಹೃದಯಾಘಾತ’ವನ್ನು ಹತ್ತಾರು ಕೋಡ್‌ಗಳಲ್ಲಿ ಬರೆಯಬಹುದು. ಕಾಯಿಲೆಯ ಹೆಸರು ಹಾಕಿ ಹುಡುಕಿದರೆ ‘ಹಿಂದೊಮ್ಮೆ ಹೃದಯಾಘಾತವಾಗಿತ್ತು’, ‘ತಂದೆಗೆ ಹೃದಯಾಘಾತ’, ‘ಹೃದಯಾಘಾತವಲ್ಲ ಎಂದು ಖಚಿತ’ ಇವೂ ಬಲೆಗೆ ಬೀಳುತ್ತವೆ. ಆದ್ದರಿಂದ ಪದ ಮತ್ತು ಅದರ ಪರ್ಯಾಯಗಳನ್ನು ಹಾಕಿ ದೊಡ್ಡ ಪಟ್ಟಿ ತೆಗೆಯುವುದು, ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಒಂದೊಂದೇ ಕೋಡ್ ನೋಡಿ ‘ಖಚಿತ’, ‘ಸಂಭಾವ್ಯ’, ‘ಬೇಡ’ ಎಂದು ಗುರುತು ಹಾಕುವುದು, ಭಿನ್ನಾಭಿಪ್ರಾಯವನ್ನು ಮೂರನೆಯವರು ಬಗೆಹರಿಸುವುದು ವಾಡಿಕೆ. ಬೇಸರದ ಕೆಲಸ. ಇಲ್ಲಿ ಜಾರಿದರೆ ಮುಂದಿನ ಯಾವ ಗಣಿತವೂ ಅದನ್ನು ಸರಿಪಡಿಸದು.

ದಿನಾಂಕಗಳಲ್ಲೂ ಒಂದು ಮೋಸವಿದೆ. ಹೊಸ ಕ್ಲಿನಿಕ್ಕಿಗೆ ಸೇರಿದಾಗ ನರ್ಸ್ ಹಳೆಯ ಕಾಯಿಲೆಗಳನ್ನು ಕೇಳಿ ನಮೂದಿಸುತ್ತಾರೆ. ಎಷ್ಟೋ ಸಲ ಅಂದಿನ ತಾರೀಖಿನಲ್ಲೇ. ಹದಿನೈದು ವರ್ಷದ ಹಳೆಯ ಸಕ್ಕರೆ ಕಾಯಿಲೆ ಕಂಪ್ಯೂಟರಿಗೆ ನಿನ್ನೆ ಮೊನ್ನೆಯದಾಗಿ ಕಾಣುತ್ತದೆ. ನೋಂದಣಿಯಾದ ಮೊದಲ 12 ತಿಂಗಳನ್ನು ಲೆಕ್ಕದಿಂದ ಕೈಬಿಡುವ ರೂಢಿ ಬಂದದ್ದು ಇದಕ್ಕೇ.

ಜಿಪಿ ದಾಖಲೆಯೊಂದೇ ಸಾಲದು ಎಂಬುದಕ್ಕೂ ಪುರಾವೆಯಿದೆ. 2013ರಲ್ಲಿ ಬಿಎಂಜೆಯಲ್ಲಿ ಬಂದ ಅಧ್ಯಯನವೊಂದು ಇಂಗ್ಲೆಂಡಿನ ಹೃದಯಾಘಾತಗಳನ್ನು ಜಿಪಿ ದಾಖಲೆ, ಆಸ್ಪತ್ರೆ ದಾಖಲೆ, ಹೃದ್ರೋಗ ನೋಂದಣಿಗಳಲ್ಲಿ ಹುಡುಕಿ ಹೋಲಿಸಿತು. ಮೂರನ್ನೂ ಸೇರಿಸಿದಾಗ ಸಿಗುವ ಪ್ರಮಾಣಕ್ಕಿಂತ, ಯಾವುದಾದರೂ ಒಂದನ್ನೇ ನಂಬಿದರೆ ಶೇ 25ರಿಂದ 50ರಷ್ಟು ಕಡಿಮೆ ಸಿಗುತ್ತಿತ್ತು. ಹೀಗಾಗಿ ಇಂದು ಜಿಪಿ ದಾಖಲೆಯನ್ನು ಆಸ್ಪತ್ರೆ ದಾಖಲೆ, ಮರಣ ನೋಂದಣಿ, ಕ್ಯಾನ್ಸರ್ ನೋಂದಣಿಗಳೊಂದಿಗೆ ಜೋಡಿಸುತ್ತಾರೆ.

ಯಾರನ್ನು ಯಾರೊಂದಿಗೆ ಹೋಲಿಸಬೇಕು?

ಇದೇ ಇಡೀ ವಿದ್ಯೆಯ ತಿರುಳು. ಟ್ರಯಲ್‌ನಲ್ಲಿ ಯಾರಿಗೆ ಔಷಧ, ಯಾರಿಗೆ ಇಲ್ಲ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುತ್ತಾರೆ. ನಿಜ ಜೀವನದಲ್ಲಿ ವೈದ್ಯರು ಕಾರಣವಿಟ್ಟೇ ಔಷಧ ಬರೆಯುತ್ತಾರೆ. ಛತ್ರಿ ಹಿಡಿದವರೇ ಹೆಚ್ಚು ಒದ್ದೆಯಾಗಿದ್ದಾರೆಂದು ಛತ್ರಿಯ ಮೇಲೆ ತಪ್ಪು ಹೊರಿಸಲಾದೀತೇ? ಮಳೆಗೆ ಸಿಕ್ಕವರು ಛತ್ರಿ ಹಿಡಿದಿದ್ದಾರೆ. ಔಷಧ ಬರೆಯಲು ಕಾರಣವಾದ ಕಾಯಿಲೆಯೇ ಔಷಧದ ದೋಷದಂತೆ ಕಾಣುವ ಈ ಗೊಂದಲ ಔಷಧ ಸುರಕ್ಷತಾ ಸಂಶೋಧನೆಯ ಅತಿ ದೊಡ್ಡ ಶತ್ರು.

ಕ್ಲೋಪಿಡೊಗ್ರೆಲ್ ಪ್ರಕರಣ ನೋಡಿ. ರಕ್ತ ಹೆಪ್ಪುಗಟ್ಟದಂತೆ ಹೃದ್ರೋಗಿಗಳಿಗೆ ಕೊಡುವ ಮಾತ್ರೆ ಇದು. ಯಕೃತ್ತಿನ ಒಂದು ಕಿಣ್ವ ಇದನ್ನು ಕ್ರಿಯಾಶೀಲ ರೂಪಕ್ಕೆ ತಿರುಗಿಸಿದರೆ ಮಾತ್ರ ಕೆಲಸ ಮಾಡುತ್ತದೆ. ಹೊಟ್ಟೆಯ ಆಮ್ಲ ತಗ್ಗಿಸುವ ಒಮೆಪ್ರಜೋಲ್‌ನಂಥ ಮಾತ್ರೆಗಳು ಅದೇ ಕಿಣ್ವಕ್ಕೆ ಅಡ್ಡಿಪಡಿಸುತ್ತವೆ. ಎರಡನ್ನೂ ಒಟ್ಟಿಗೆ ನುಂಗಿದರೆ ಹೃದಯಾಘಾತ ಹೆಚ್ಚೀತೇ ಎಂಬ ಆತಂಕ ಸಹಜವಾಗಿತ್ತು. 2012ರಲ್ಲಿ ಬಿಎಂಜೆಯಲ್ಲಿ ಬಂದ ಅಧ್ಯಯನ ಕ್ಲೋಪಿಡೊಗ್ರೆಲ್ ಮತ್ತು ಆಸ್ಪಿರಿನ್ ಬರೆಸಿಕೊಂಡ 24,471 ಜನರ ಜಿಪಿ ದಾಖಲೆಗಳನ್ನು ನೋಡಿತು. ಆಮ್ಲ ತಗ್ಗಿಸುವ ಮಾತ್ರೆಯಲ್ಲಿದ್ದ ಅವಧಿಯಲ್ಲಿ ಸಾವು ಅಥವಾ ಹೃದಯಾಘಾತ ಶೇ 37ರಷ್ಟು ಹೆಚ್ಚಿತ್ತು. ವಯಸ್ಸು, ಇತರ ಕಾಯಿಲೆಗಳ ವ್ಯತ್ಯಾಸವನ್ನು ಹೊಂದಿಸಿದ ಮೇಲೂ.

ಅಲ್ಲಿಗೇ ನಿಲ್ಲಿಸಿದ್ದರೆ ಒಳ್ಳೆಯ ಸುದ್ದಿಶೀರ್ಷಿಕೆ ಸಿಗುತ್ತಿತ್ತು. ತಂಡ ಮುಂದೆ ಹೋಯಿತು. ಆ ಕಿಣ್ವಕ್ಕೆ ಅಡ್ಡಿಪಡಿಸದ ಬೇರೆ ಔಷಧಗಳಲ್ಲೂ ಅಂಥದೇ ಹೆಚ್ಚಳ ಕಂಡಿತು. ಕಳ್ಳತನ ನಡೆದಾಗ ಊರಲ್ಲೇ ಇಲ್ಲದವನ ಮೇಲೂ ಬೆರಳು ತೋರುವ ಸಾಕ್ಷಿಯನ್ನು ಎಷ್ಟು ನಂಬಬಹುದೋ ಈ ಶೇ 37ನ್ನೂ ಅಷ್ಟೇ ನಂಬಬಹುದು. ನಂತರ ಅವರು ಹೋಲಿಕೆಯನ್ನೇ ಬದಲಿಸಿದರು. ಒಬ್ಬರನ್ನು ಇನ್ನೊಬ್ಬರೊಂದಿಗೆ ಹೋಲಿಸುವ ಬದಲು, ಹೃದಯಾಘಾತವಾದ ಪ್ರತಿಯೊಬ್ಬರಲ್ಲೂ ಅವರದೇ ‘ಮಾತ್ರೆಯಿದ್ದ ದಿನ’ಗಳನ್ನು ‘ಮಾತ್ರೆಯಿಲ್ಲದ ದಿನ’ಗಳೊಂದಿಗೆ ಹೋಲಿಸಿದರು. ನಂಟು ಮಾಯವಾಯಿತು, ಅನುಪಾತ (1 ಅಂದರೆ ವ್ಯತ್ಯಾಸವಿಲ್ಲ) 0.75ಕ್ಕೆ ಇಳಿಯಿತು, ಅದೂ ಆಕಸ್ಮಿಕದ ಮಿತಿಯೊಳಗೇ ಇತ್ತು. ಒಟ್ಟಾರೆ, ಆಮ್ಲದ ಮಾತ್ರೆ ಬೇಕಾದವರು ಮೊದಲೇ ಹೆಚ್ಚು ಬಳಲಿದವರಾಗಿದ್ದರು.

ಈ ‘ತನಗೆ ತಾನೇ ಹೋಲಿಕೆ’ಯ ವಿಧಾನವನ್ನು ಸಂಖ್ಯಾಶಾಸ್ತ್ರಜ್ಞ ಪ್ಯಾಡಿ ಫ್ಯಾರಿಂಗ್ಟನ್ 1995ರಲ್ಲಿ ಲಸಿಕೆಗಳ ಸುರಕ್ಷತೆಗಾಗಿ ಮಂಡಿಸಿದರು. ವಂಶವಾಹಿ, ಬಡತನ, ಸ್ವಭಾವ ಎಲ್ಲವೂ ಒಬ್ಬರಲ್ಲೇ ಇರುವುದರಿಂದ ತಾವಾಗಿಯೇ ರದ್ದಾಗುತ್ತವೆ. ಹಾಗೆಂದು ಎಲ್ಲ ಕಡೆ ನಡೆಯದು. ಹೃದಯಾಘಾತವಾದ ತಕ್ಷಣ ವೈದ್ಯರು ಆ ಔಷಧವನ್ನೇ ನಿಲ್ಲಿಸುವಂತಿದ್ದರೆ ಲೆಕ್ಕ ಕೆಡುತ್ತದೆ. ವರ್ಷಗಟ್ಟಲೆ ಒಳಗೊಳಗೇ ಬೆಳೆಯುವ ಕ್ಯಾನ್ಸರಿಗೂ ಇದು ಒಗ್ಗುವುದಿಲ್ಲ.

ಹೆಚ್ಚಾಗಿ ಬಳಕೆಯಾಗುವ ಇನ್ನೊಂದು ದಾರಿ: ಔಷಧ ತೆಗೆದುಕೊಂಡವರನ್ನು ಏನೂ ತೆಗೆದುಕೊಳ್ಳದವರೊಂದಿಗೆ ಹೋಲಿಸದೆ, ಅದೇ ಕಾಯಿಲೆಗೆ ಬೇರೆ ಔಷಧ ಶುರುಮಾಡಿದವರೊಂದಿಗೆ ಹೋಲಿಸುವುದು. ಇಬ್ಬರನ್ನೂ ಮೊದಲ ಚೀಟಿಯ ದಿನದಿಂದಲೇ ಎಣಿಸಬೇಕು. ಐದು ವರ್ಷದಿಂದ ಮಾತ್ರೆ ನುಂಗುತ್ತಿರುವವರನ್ನು ಸೇರಿಸಿಕೊಂಡರೆ, ಮೊದಲ ತಿಂಗಳಲ್ಲೇ ತೊಂದರೆಯಾಗಿ ಬಿಟ್ಟವರು ಕಣ್ಣಿಗೇ ಬೀಳುವುದಿಲ್ಲ.

ಕಾಲ ಮಾಡುವ ಮೋಸಗಳು

‘ಮೂರಕ್ಕಿಂತ ಹೆಚ್ಚು ಚೀಟಿ ಪಡೆದವರು ಹೆಚ್ಚು ಕಾಲ ಬದುಕಿದರು’ ಎಂಬ ಫಲಿತಾಂಶ ಕಂಡರೆ ಒಂದು ಕ್ಷಣ ನಿಲ್ಲಿ. ಮೂರು ಚೀಟಿ ಪಡೆಯಲು ಅಷ್ಟು ತಿಂಗಳು ಬದುಕಿರಲೇಬೇಕಲ್ಲ! ಮೊದಲ ತಿಂಗಳಲ್ಲೇ ತೀರಿಕೊಂಡವರು ತಾವಾಗಿ ಇನ್ನೊಂದು ಗುಂಪಿಗೆ ಬೀಳುತ್ತಾರೆ. ಇದಕ್ಕೆ ‘ಅಮರ ಕಾಲ’ದ ದೋಷ ಎಂದು ಹೆಸರು. ಎಷ್ಟೋ ‘ಪವಾಡದ’ ಔಷಧಗಳ ಹೊಳಪು ಇದನ್ನು ಸರಿಪಡಿಸಿದೊಡನೆ ಮಂಕಾಗಿದೆ.

ಅದರ ತಿರುವುಮುರುವು ಇನ್ನೊಂದು. ಪತ್ತೆಯಾಗದ ಜಠರದ ಕ್ಯಾನ್ಸರಿನಿಂದ ಹೊಟ್ಟೆಯುರಿ, ಅದಕ್ಕೆ ಆಮ್ಲದ ಮಾತ್ರೆ, ನಾಲ್ಕು ತಿಂಗಳ ಮೇಲೆ ಎಂಡೋಸ್ಕೋಪಿ, ಆಗ ಕ್ಯಾನ್ಸರ್ ಪತ್ತೆ. ಕಂಪ್ಯೂಟರಿಗೆ ಕಾಣುವುದು ಮಾತ್ರೆ ಮೊದಲು, ಕ್ಯಾನ್ಸರ್ ಆಮೇಲೆ. ಅದಕ್ಕೇ ಕ್ಯಾನ್ಸರ್ ಅಧ್ಯಯನಗಳಲ್ಲಿ ಔಷಧ ಆರಂಭವಾದ ಮೇಲಿನ ಆರು ತಿಂಗಳು ಅಥವಾ ಒಂದು ವರ್ಷವನ್ನು ಬಿಟ್ಟು ಎಣಿಸುತ್ತಾರೆ.

‘ದುಪ್ಪಟ್ಟು’ ಅಂದರೆ ಎಷ್ಟು?

1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ವೈದ್ಯರಿಗೆ ತುರ್ತು ಪತ್ರ ಬರೆಯಿತು: ಡೆಸೊಜೆಸ್ಟ್ರೆಲ್ ಅಥವಾ ಜೆಸ್ಟೊಡೀನ್ ಇರುವ ಗರ್ಭನಿರೋಧಕ ಮಾತ್ರೆಗಳಿಂದ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಹಳೆಯ ಮಾತ್ರೆಗಳಿಗಿಂತ ಸುಮಾರು ದುಪ್ಪಟ್ಟು. ಆಧಾರವಾಗಿದ್ದ ಅಧ್ಯಯನಗಳಲ್ಲಿ ಜಿಪಿ ದಾಖಲೆಗಳದ್ದೂ ಒಂದು. ‘ದುಪ್ಪಟ್ಟು’ ಎಂಬ ಪದ ಪತ್ರಿಕೆಗಳಲ್ಲಿ ಮೊಳಗಿತು. ಆಗಿನ ಅಂಕಿಗಳ ಪ್ರಕಾರ ಹಳೆಯ ಮಾತ್ರೆಗಳಲ್ಲಿ ವರ್ಷಕ್ಕೆ ಲಕ್ಷ ಮಹಿಳೆಯರಲ್ಲಿ ಸುಮಾರು 15, ಹೊಸದರಲ್ಲಿ ಸುಮಾರು 25ರಿಂದ 30 ಪ್ರಕರಣ. ಗರ್ಭ ಧರಿಸಿದಾಗ ಅದೇ ಅಪಾಯ ಲಕ್ಷಕ್ಕೆ ಸುಮಾರು 60. ಗಾಬರಿಯಾದ ಅನೇಕರು ಮಾತ್ರೆಯನ್ನೇ ಬಿಟ್ಟರು. 1996ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗರ್ಭಪಾತಗಳು ಏರಿದವು. ಅಪಾಯ ತಪ್ಪಿಸಲು ಹೋಗಿ ಎಷ್ಟೋ ಮಹಿಳೆಯರು ಅದಕ್ಕಿಂತ ಹೆಚ್ಚಿನ ಅಪಾಯದೊಳಗೆ ಕಾಲಿಟ್ಟಿದ್ದರು.

ಆದ್ದರಿಂದ ಸುದ್ದಿಯಲ್ಲಿ ‘ಶೇ 30 ಹೆಚ್ಚು’ ಎಂದು ಓದಿದರೆ, ಎಷ್ಟರಿಂದ ಎಷ್ಟಕ್ಕೆ, ಎಷ್ಟು ವರ್ಷದಲ್ಲಿ ಎಂದು ಹುಡುಕಿ. ಯಾರೊಂದಿಗೆ ಹೋಲಿಸಿದ್ದಾರೆ ಎಂದೂ ನೋಡಿ. ಉತ್ತರ ಸಿಗದಿದ್ದರೆ ಬರೆದುಕೊಂಡು ವೈದ್ಯರನ್ನು ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ, ಮೂರ್ಛೆರೋಗದ ಮಾತ್ರೆ, ಸ್ಟೀರಾಯ್ಡ್‌ಗಳನ್ನು ಸುದ್ದಿ ಓದಿ ಥಟ್ಟನೆ ನಿಲ್ಲಿಸಿದರೆ ಗಂಭೀರ ಹಾನಿಯಾಗಬಹುದು.

ನನ್ನ ದಾಖಲೆ ಯಾರು ಓದುತ್ತಾರೆ?

ಹೆಸರು, ವಿಳಾಸ, ಎನ್‌ಎಚ್‌ಎಸ್ ಸಂಖ್ಯೆಗಳನ್ನು ತೆಗೆದು, ಒಂದು ಅರ್ಥವಿಲ್ಲದ ಸಂಖ್ಯೆ ಕೊಡುತ್ತಾರೆ. ವಯಸ್ಕರ ಹುಟ್ಟಿದ ದಿನದ ಬದಲು ವರ್ಷ ಮಾತ್ರ ಇರುತ್ತದೆ. ಪ್ರತಿ ಅಧ್ಯಯನಕ್ಕೂ ಮೊದಲೇ ಯೋಜನೆ ಸಲ್ಲಿಸಿ ಒಪ್ಪಿಗೆ ಪಡೆಯಬೇಕು. ಕೋಷ್ಟಕದಲ್ಲಿ ಐದಕ್ಕಿಂತ ಚಿಕ್ಕ ಸಂಖ್ಯೆ ಬಂದರೆ ಮರೆಮಾಚುತ್ತಾರೆ. ಆದರೂ ಅಪರೂಪದ ಕಾಯಿಲೆ, ವಯಸ್ಸು, ದಿನಾಂಕ ಒಟ್ಟುಗೂಡಿದರೆ ಬಲ್ಲವರು ಊಹಿಸಬಹುದು. ಹಾಗಾಗಿ ಇದು ‘ಗುರುತು ತಗ್ಗಿಸಿದ’ ದಾಖಲೆಯೇ ಹೊರತು ಗುರುತೇ ಇಲ್ಲದ್ದಲ್ಲ. ಜನರಿಗೆ ಸರಿಯಾಗಿ ತಿಳಿಸದೆ ಜಿಪಿ ದಾಖಲೆಗಳನ್ನು ಒಂದೆಡೆ ಸೇರಿಸಲು ಹೊರಟಿದ್ದ ‘ಕೇರ್.ಡೇಟಾ’ ಯೋಜನೆಯನ್ನು ಇಂಗ್ಲೆಂಡ್ 2016ರಲ್ಲಿ ಕೈಬಿಡಬೇಕಾಯಿತು. ತಮ್ಮ ದಾಖಲೆ ಬೇಡ ಎನ್ನುವವರು ಹೊರಗುಳಿಯಬಹುದು.

2020ರಲ್ಲಿ ಕೋವಿಡ್ ಸಮಯದಲ್ಲಿ ಬಂದ ‘ಓಪನ್‌ಸೇಫ್ಲಿ’ ಎಂಬ ವ್ಯವಸ್ಥೆ ದಿಕ್ಕನ್ನೇ ತಿರುಗಿಸಿತು. ಅಲ್ಲಿ ದಾಖಲೆ ಸಂಶೋಧಕರ ಬಳಿ ಹೋಗುವುದಿಲ್ಲ. ಸಂಶೋಧಕರು ನಕಲಿ ದತ್ತಾಂಶದ ಮೇಲೆ ಪ್ರೋಗ್ರಾಂ ಬರೆದು ಕಳಿಸುತ್ತಾರೆ. ಅದು ದಾಖಲೆಯಿರುವಲ್ಲೇ ಓಡಿ, ಪರಿಶೀಲಿಸಿದ ಕೋಷ್ಟಕ ಮಾತ್ರ ಹೊರಬರುತ್ತದೆ. ಯಾರು ಯಾವ ಪ್ರೋಗ್ರಾಂ ಓಡಿಸಿದರು ಎಂಬುದು ಬಹಿರಂಗ.

ಮತ್ತೆ 2010ಕ್ಕೆ

ಆಗಸ್ಟ್‌ನ ಅಧ್ಯಯನ ಮಾತ್ರೆ ಬರೆಸಿಕೊಂಡ 41,826 ಜನರನ್ನೂ ಬರೆಸಿಕೊಳ್ಳದ ಅಷ್ಟೇ ಜನರನ್ನೂ ಸರಾಸರಿ ನಾಲ್ಕೂವರೆ ವರ್ಷ ಹಿಂಬಾಲಿಸಿತ್ತು. ಅನ್ನನಾಳದ ಕ್ಯಾನ್ಸರ್ ಮೊದಲ ಗುಂಪಿನಲ್ಲಿ 79, ಎರಡನೆಯದರಲ್ಲಿ 72. ಸೆಪ್ಟೆಂಬರಿನದು ತುದಿಯಿಂದ ಹಿಂದಕ್ಕೆ ನೋಡಿತು: ಅನ್ನನಾಳದ ಕ್ಯಾನ್ಸರ್ ಬಂದ 2,954 ಜನರನ್ನು ತೆಗೆದುಕೊಂಡು, ಪ್ರತಿಯೊಬ್ಬರಿಗೂ ಅದೇ ವಯಸ್ಸಿನ, ಅದೇ ಲಿಂಗದ, ಅದೇ ಕ್ಲಿನಿಕ್ಕಿನ ಐವರನ್ನು ಜೊತೆಗಿಟ್ಟು, ಹಿಂದೆ ಯಾರಿಗೆ ಎಷ್ಟು ಚೀಟಿ ಸಿಕ್ಕಿತ್ತು ಎಂದು ಎಣಿಸಿತು. ದಾಖಲೆಯ ಅವಧಿ ಸರಾಸರಿ ಏಳೂವರೆ ವರ್ಷ. ಒಂದಾದರೂ ಚೀಟಿ ಪಡೆದವರಲ್ಲಿ ಅಪಾಯ 1.30 ಪಟ್ಟು, ಹತ್ತು ಅಥವಾ ಹೆಚ್ಚು ಪಡೆದವರಲ್ಲಿ 1.93 ಪಟ್ಟು. ಎರಡನೆಯ ತಂಡಕ್ಕೆ ಕ್ಯಾನ್ಸರ್ ಪ್ರಕರಣಗಳು ಬಹಳ ಹೆಚ್ಚು ಸಿಕ್ಕಿದ್ದವು, ಕಾಲವೂ ದೀರ್ಘವಾಗಿತ್ತು. ಮೊದಲನೆಯದಕ್ಕೆ ನಿಧಾನವಾಗಿ ಬೆಳೆಯುವ ಸಣ್ಣ ಅಪಾಯ ಕಾಣದೇ ಹೋಗಿರಬಹುದಿತ್ತು. ಎರಡನೆಯದಕ್ಕೆ ಹೋಲಿಕೆಯ ಗೊಂದಲ ಅಪಾಯದಂತೆ ಕಂಡಿರಬಹುದಿತ್ತು. ದುಪ್ಪಟ್ಟು ಎಂಬುದನ್ನು ನಿಜವೆಂದೇ ಹಿಡಿದರೂ, 60ರಿಂದ 79 ವಯಸ್ಸಿನ ಸಾವಿರ ಜನರಲ್ಲಿ ಐದು ವರ್ಷಕ್ಕೆ ಒಬ್ಬರಿದ್ದದ್ದು ಇಬ್ಬರಾದಂತೆ.

2013ರಲ್ಲಿ ಬೇರೊಂದು ತಂಡ ಸಿಪಿಆರ್‌ಡಿ ಮತ್ತು ಕ್ಯುರಿಸರ್ಚ್ ಎರಡೂ ಭಂಡಾರಗಳಲ್ಲಿ ಒಂದೇ ವಿಧಾನವನ್ನು ಓಡಿಸಿತು. ಜೀರ್ಣಾಂಗದ ಸಾಮಾನ್ಯ ಕ್ಯಾನ್ಸರ್‌ಗಳ ಅಪಾಯ ಬಿಸ್ಫಾಸ್ಫೋನೇಟ್ ಬಳಕೆಯಿಂದ ಹೆಚ್ಚುತ್ತದೆ ಎನ್ನಲು ಆಧಾರ ಸಿಗಲಿಲ್ಲ ಎಂದು ಅದು ವರದಿ ಮಾಡಿತು. ಮಾತ್ರೆ ಇಂದಿಗೂ ಬಳಕೆಯಲ್ಲಿದೆ. ಲೋಟದ ತುಂಬ ನೀರು, ಅರ್ಧ ಗಂಟೆ ಮಲಗಬಾರದು ಎಂಬ ಸೂಚನೆಯೂ ಹಾಗೇ ಇದೆ.